ಪರಿಹಾರದ ಹಣ ಯಾರ ಜೇಬಿನಿಂದ?

"ಪೊಲೀಸರ ಮೇಲೆ ದೂರು ಕೊಟ್ಟು ಬದುಕಲಿಕ್ಕುಂಟೇ?" ಎಂಬ ಮಾತು ನಮ್ಮ ಎಮರಾಲ್ಡಿನ ಲೈನುಗಳಲ್ಲಿಯೂ ಉಂಟು. ಠಾಣೆಯಲ್ಲಿ ಹೊಡೆದರೆಂದರೆ, ಹೇಗೂ ಬಿಟ್ಟು ಕಳುಹಿಸಿದರಲ್ಲಾ ಎಂದು ಸಮಾಧಾನ ಹೇಳುವವರೇ ಹೆಚ್ಚು. ಬಹಳವಾದರೆ ಆ ಅಧಿಕಾರಿಗೆ ವರ್ಗವಾಗುತ್ತದೆ. ವರ್ಗವನ್ನು ನಾವು ಶಿಕ್ಷೆಯೆಂದು ಒಪ್ಪುವುದಿಲ್ಲ; ಅವರು ಹೋದ ಊರಿನಲ್ಲಿಯೂ ಬಡವರಿದ್ದಾರೆ.

ವೀರಪ್ಪನ್ ಬೇಟೆಯ ಕಾಲವನ್ನು ನೆನೆಯಿರಿ. ಕರ್ನಾಟಕ, ತಮಿಳುನಾಡುಗಳ ಜಂಟಿ ಕಾರ್ಯಪಡೆಯವರು ಕಾಡಂಚಿನ ಹಳ್ಳಿಗಳಿಂದ ಗಂಡಸರನ್ನೂ ಹೆಂಗಸರನ್ನೂ ಹಿಡಿದೊಯ್ದರು. ಮಲೆ ಮಹದೇಶ್ವರ ಬೆಟ್ಟದಲ್ಲಿ ಅವರನ್ನು ಹಿಂಸಿಸಿದ ಜಾಗಕ್ಕೆ 'ವರ್ಕ್‌ಶಾಪ್' ಎಂದೇ ಹೆಸರು ಬಿದ್ದಿತ್ತು. 1999ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ಜನರು ಹೆದರಿಕೆ ಬಿಟ್ಟು ಅದರ ಮುಂದೆ ಬಂದು ಹೇಳಿದರು. 2007ರಲ್ಲಿ ಆಯೋಗವು 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿತು. ಆದರೆ ಅದನ್ನು ತೆರಬೇಕಾದವರು ಸರ್ಕಾರದವರು. ಹೊಡೆದವರ ಜೇಬಿಗೆ ಏನೂ ತಗಲಲಿಲ್ಲ.

ಧರ್ಮಪುರಿ ಜಿಲ್ಲೆಯ ವಾಚಾತ್ತಿಯ ಕಥೆ ಬೇರೆ. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳವರು ಆ ಗಿರಿಜನರ ಹಳ್ಳಿಗೆ ನುಗ್ಗಿ ಮನೆಗಳನ್ನು ಹಾಳುಗೆಡವಿದರು, 18 ಮಂದಿ ಹೆಂಗಸರ ಮೇಲೆ ಅತ್ಯಾಚಾರ ಮಾಡಿದರು. ಆ ತಾಯಂದಿರು ಬಿಡಲಿಲ್ಲ. 2011ರಲ್ಲಿ ಧರ್ಮಪುರಿಯ ನ್ಯಾಯಾಲಯವು 269 ಆರೋಪಿಗಳಲ್ಲಿ ಬದುಕಿದ್ದ 215 ಮಂದಿಯನ್ನೂ ಅಪರಾಧಿಗಳೆಂದಿತು. 2023ರ ಸೆಪ್ಟೆಂಬರ್ 29ರಂದು ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿದು, ಆ ಹೆಂಗಸರಿಗೆ ತಲಾ 10 ಲಕ್ಷ ಕೊಡಬೇಕು, ಅರ್ಧವನ್ನು ಅತ್ಯಾಚಾರ ಮಾಡಿದವರಿಂದಲೇ ವಸೂಲು ಮಾಡಬೇಕು ಎಂದಿತು. 31 ವರ್ಷ ಹಿಡಿಯಿತು, ಅಷ್ಟರಲ್ಲಿ ಎಷ್ಟೋ ಮಂದಿ ಮುದುಕರಾದರು.

ನಮಗೆ ಆ ಅರ್ಧದ ಮಾತೇ ಮುಖ್ಯ. ಸರ್ಕಾರದ ಬೊಕ್ಕಸವೆಂದರೆ ನಾವು ಸೋಪಿಗೂ ಬೆಂಕಿಪೆಟ್ಟಿಗೆಗೂ ಕೊಟ್ಟ ತೆರಿಗೆ. ಏಟು ತಿಂದವರೇ ದಂಡವನ್ನೂ ಕಟ್ಟುವುದೆಂದರೆ ಯಾವ ನ್ಯಾಯ? 2021ರಲ್ಲಿ ಮದ್ರಾಸ್ ಹೈಕೋರ್ಟಿನ ಪೂರ್ಣಪೀಠವು, ರಾಜ್ಯ ಮಾನವ ಹಕ್ಕುಗಳ ಆಯೋಗದ ಶಿಫಾರಸಿಗೆ ಸರ್ಕಾರ ಬದ್ಧವೆಂದೂ, ಕೊಟ್ಟ ಹಣವನ್ನು ತಪ್ಪಿತಸ್ಥ ಅಧಿಕಾರಿಯಿಂದ ವಸೂಲು ಮಾಡಬಹುದೆಂದೂ ಹೇಳಿತು. ಆದಕಾರಣ ದೂರು ಬರೆಯುವವರು, ಪರಿಹಾರವನ್ನು ಆ ಅಧಿಕಾರಿಯ ಸಂಬಳದಿಂದ ಹಿಡಿಯಬೇಕೆಂದು ಸ್ಪಷ್ಟವಾಗಿ ಬರೆಯತಕ್ಕದ್ದು.

ಆದರೆ ದಿನ ಕಳೆಯಬಾರದು. ಏಟು ಬಿದ್ದ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯವನ್ನು ಬರೆಸಿರಿ. ಆ ದಿನದ ಕೂಲಿ ಹೋದರೂ ಹೋಗಲಿ. ಆಯೋಗಕ್ಕೆ ಒಂದು ವರ್ಷದೊಳಗೆ ದೂರು ಮುಟ್ಟಬೇಕು. ಶುಲ್ಕವಿಲ್ಲ, ವಕೀಲರೂ ಬೇಕೆಂದಿಲ್ಲ. ಅನ್ಯಾಯವಾಗಿ ಕೂಡಿಹಾಕಿದ್ದಕ್ಕೆ ನಷ್ಟ ಕೇಳುವ ಸಿವಿಲ್ ದಾವೆಗೂ ಬಿಡುಗಡೆಯಾದ ದಿನದಿಂದ ಒಂದೇ ವರ್ಷ. ಸರ್ಕಾರಕ್ಕೆ ಮೊದಲೇ ಎರಡು ತಿಂಗಳ ನೋಟೀಸು ಕೊಡಬೇಕಾಗುವುದರಿಂದ ಮೊದಲ ತಿಂಗಳಲ್ಲೇ ಊಟಿಗೆ ಹೋಗಿ ವಕೀಲರನ್ನು ಕಾಣುವುದು ಲೇಸು. ತಮಿಳು ಬರೆಯಲು ಬಾರದೆಂದು ಹಿಂಜರಿಯುವವರು ದೆಹಲಿಯ ಆಯೋಗಕ್ಕೆ ಕನ್ನಡದಲ್ಲಿಯೇ ಬರೆಯಬಹುದು.