ಜಲ್ಲಿ ದಾರಿಗೆ ಹೊಸ ಸೈಕಲ್ಲೇ ಬೇಕೆ?

ಹಾಸನದಿಂದ ಸಾಲಗಾಮೆ ರಸ್ತೆ ಹಿಡಿದು ಇಂಜಿನಿಯರಿಂಗ್ ಕಾಲೇಜು ದಾಟಿ ಬಂದರೆ, ಡಾಂಬರಿನ ಆಚೀಚೆ ಹಳ್ಳಿಗಳಿಗೆ ಹೋಗುವ ಮಣ್ಣು, ಜಲ್ಲಿಯ ದಾರಿಗಳು ಶುರುವಾಗುತ್ತವೆ. ಜೋಳ, ಆಲೂಗಡ್ಡೆ ಹೊಲಗಳ ನಡುವೆ ಸುತ್ತಿ ಹಳೇಬೀಡಿನವರೆಗೆ ಸೈಕಲ್‌ನಲ್ಲಿ ಹೋಗಿಬರುವ ಆಸೆ ನಮ್ಮ ವಯಸ್ಸಿನ ಅನೇಕರಿಗಿದೆ. ಆದರೆ ಮಾತೆತ್ತಿದ ಕೂಡಲೇ ಒಂದೇ ಉತ್ತರ: ‘ಅದಕ್ಕೆ ಗೇರ್ ಸೈಕಲ್ ಬೇಕು ಮಗಾ, ದಪ್ಪ ಹಲ್ಲಿನ ಟೈರ್ ಬೇಕು.’ ಕೆಲಸ ಹುಡುಕುತ್ತಿರುವವರು ಅಷ್ಟು ದುಡ್ಡು ಎಲ್ಲಿಂದ ತರಬೇಕು? ಆಸೆ ಅಲ್ಲಿಗೇ ನಿಂತುಬಿಡುತ್ತದೆ. ಈ ಮಾತನ್ನು ನಾನು ಒಪ್ಪುವುದಿಲ್ಲ.

ಜಲ್ಲಿಯ ಮೇಲೆ ಹಲ್ಲಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಟೈರಿನ ಅಗಲ ಮತ್ತು ಗಾಳಿಯ ಒತ್ತಡ. ಅಮೆರಿಕದ ಕಾನ್ಸಾಸ್‌ನಲ್ಲಿ 2006ರಲ್ಲಿ ಆರಂಭವಾದ, ಈಗ ‘ಅನ್‌ಬೌಂಡ್ ಗ್ರಾವೆಲ್’ ಎಂಬ ಹೆಸರಿನ ಸ್ಪರ್ಧೆಯಲ್ಲಿ 200 ಮೈಲಿ, ಅಂದರೆ ಸುಮಾರು 320 ಕಿ.ಮೀ. ಜಲ್ಲಿ ದಾರಿ ತುಳಿಯುತ್ತಾರೆ. ಅಂಥ ಸವಾರಿಗೆ ಬಳಸುವ ಟೈರುಗಳು ಹೆಚ್ಚಾಗಿ 40ರಿಂದ 50 ಮಿ.ಮೀ. ಅಗಲದವು. ಇನ್ನು ನಮ್ಮ ತಾತಂದಿರ ಕಪ್ಪು ಸೈಕಲ್‌ನ 28×1½ ಟೈರ್ ನೋಡಿ. ಅದರ ಅಳತೆ 40–635. ಅಗಲ 40 ಮಿ.ಮೀ.! ಬ್ರೇಕ್ ಸರಿಮಾಡಿಸಿದರೆ ಸಾಕು, ಅದೂ ಜಲ್ಲಿ ದಾರಿಗೆ ಸೈ.

ದಪ್ಪ ಹಲ್ಲು ಬೇಕಾಗುವುದು ಕೆಸರಿನಲ್ಲಿ, ಸಡಿಲ ಮಣ್ಣಿನ ತಿರುವಿನಲ್ಲಿ. 60 ಕಿ.ಮೀ. ಸವಾರಿಯಲ್ಲಿ 40 ಕಿ.ಮೀ. ಡಾಂಬರೇ ಇದ್ದರೆ ಆ ಹಲ್ಲು ಗುಂಯ್‌ಗುಟ್ಟುತ್ತಾ ಕಾಲಿನ ಶಕ್ತಿ ತಿನ್ನುತ್ತದೆ. ನಡುವೆ ನುಣುಪಾಗಿದ್ದು ಅಂಚಿನಲ್ಲಷ್ಟೇ ಹಲ್ಲಿರುವ ಟೈರ್ ಇಂಥ ಮಿಶ್ರ ದಾರಿಗೆ ಒಳ್ಳೆಯದು.

ಟೈರ್ ಬದಲಿಸಲೇಬೇಕಿದ್ದರೆ ‘26 ಇಂಚು ಕೊಡಿ’ ಎಂದಷ್ಟೇ ಕೇಳಬೇಡಿ. 26×1⅜ ಟೈರ್ 590 ಮಿ.ಮೀ. ರಿಮ್ಮಿಗೆ, 26×1.95 ಟೈರ್ 559 ಮಿ.ಮೀ. ರಿಮ್ಮಿಗೆ. ಎರಡೂ ‘26’ರವೇ, ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಹಳೇ ಟೈರಿನ ಬದಿಯಲ್ಲಿರುವ 37–590, 50–559 ಎಂಬಂಥ ಸಂಖ್ಯೆಯನ್ನು ಬರೆದುಕೊಂಡು ಅಂಗಡಿಗೆ ಹೋಗಿ. ಮೊದಲಿನದು ಟೈರಿನ ಅಗಲ, ಎರಡನೆಯದು ರಿಮ್ಮಿನ ಅಳತೆ. ಅಗಲ ಹೆಚ್ಚಿಸುವುದಾದರೆ ಫೋರ್ಕ್ ಮತ್ತು ಮಡ್‌ಗಾರ್ಡಿಗೂ ಟೈರಿಗೂ ನಡುವೆ ಐದಾರು ಮಿ.ಮೀ. ಜಾಗ ಉಳಿಯಬೇಕು. ಇಲ್ಲದಿದ್ದರೆ ಮಳೆಗಾಲದ ಕೆಮ್ಮಣ್ಣು ಅಲ್ಲೇ ಕಚ್ಚಿಕೊಂಡು ಚಕ್ರವನ್ನೇ ನಿಲ್ಲಿಸುತ್ತದೆ.

ಗಾಳಿಯನ್ನು ಕಲ್ಲಿನ ಹಾಗೆ ತುಂಬಿಸುವುದೂ ತಪ್ಪು ಅಭ್ಯಾಸ. ಆಗ ಸೈಕಲ್ ಪ್ರತಿ ಕಲ್ಲಿಗೂ ಎಗರುತ್ತದೆ, ಹಿಡಿತ ತಪ್ಪುತ್ತದೆ. ತೀರಾ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಪಂಕ್ಚರ್. 70 ಕೆ.ಜಿ. ತೂಕದವರು 40 ಮಿ.ಮೀ. ಟೈರಿನಲ್ಲಿ ಹಿಂದೆ 45, ಮುಂದೆ 40 ಪಿಎಸ್‌ಐನಿಂದ ಶುರುಮಾಡಿ ನೋಡಬಹುದು. ಟೈರಿನ ಮೇಲೆ ಬರೆದಿರುವ ಮಿತಿ ಮಾತ್ರ ಮೀರಬಾರದು.

ಹೊಲದ ದಾರಿಯಲ್ಲಿ ಪಂಕ್ಚರ್ ಅಂಗಡಿ ಸಿಗುವುದಿಲ್ಲ. ಜಾಲಿ ಮುಳ್ಳಿದ್ದರೆ ಹಳೇ ಟ್ಯೂಬ್ ಸೀಳಿ ಟೈರಿನ ಒಳಗೆ ಹಾಸಿಸಿ. ಒಂದು ಟ್ಯೂಬ್, ಪ್ಯಾಚ್, ಸಣ್ಣ ಪಂಪ್ ಜೊತೆಗಿರಲಿ. ಇಷ್ಟಕ್ಕೆ ತಗಲುವ ಖರ್ಚು ಹೊಸ ಸೈಕಲ್ಲಿನ ಬೆಲೆಯ ಒಂದು ಸಣ್ಣ ಪಾಲು. ಗೇರ್ ಸೈಕಲ್ ಕೊಳ್ಳುವುದು ಸಂಬಳ ಬಂದ ಮೇಲೂ ಆಗುತ್ತದೆ. ಹಳೇಬೀಡಿಗೆ ಈ ಭಾನುವಾರವೇ ಹೊರಡಬಹುದು.