ನಟನಾಗೋಕೆ ಎಲ್ಲಿಗೆ ಹೋಗಬೇಕು ಮಾವ?

ಶನಿವಾರ ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು, ಮನೆ ಮುಂದೆ ಬಿದ್ದಿರೋ ಎಲೆಗಳನ್ನ ಇವತ್ತಾದ್ರೂ ಗುಡಿಸಬೇಕಲ್ಲಪ್ಪಾ ಅಂತ ಯೋಚಿಸ್ತಾ ನಿಂತಿದ್ದೆ, ಸಾಗರದಿಂದ ತಂಗಿ ಫೋನು. "ಅಣ್ಣಾ, ನೀನಾದ್ರೂ ಇವನಿಗೆ ಸ್ವಲ್ಪ ಬುದ್ಧಿ ಹೇಳು" ಅಂದಳು. 'ಇವನು' ಅಂದ್ರೆ ಅವಳ ಮಗ. ಇಂಜಿನಿಯರಿಂಗ್ ಮುಗಿಸಿ, ಬೆಂಗಳೂರಲ್ಲಿ ಒಂದು ವರ್ಷ ಕಂಪ್ಯೂಟರ್ ಮುಂದೆ ಕೂತು, ಈಗ ಕೆಲಸ ಬಿಟ್ಟು "ನಟ ಆಗ್ತೀನಿ" ಅಂತ ಊರಿಗೆ ಬಂದು ಕೂತಿದ್ದಾನೆ. ಬೆಂಗಳೂರಲ್ಲಿ ಯಾವುದೋ ಸಂಸ್ಥೆಯಂತೆ, ಮೂರು ತಿಂಗಳ ಕೋರ್ಸಂತೆ, ಎರಡೂವರೆ ಲಕ್ಷವಂತೆ. ಫೋಟೋಶೂಟು ಅದರಲ್ಲೇ ಸೇರಿದೆಯಂತೆ, ಕೊನೆಗೆ ಸಿನಿಮಾದವರ ಎದುರು ಒಂದು ಆಡಿಷನ್ನೂ ಮಾಡಿಸ್ತಾರಂತೆ.

ಅಷ್ಟು ಹೊತ್ತಿಗೆ ಫೋನು ಅವನ ಕೈಗೆ ಹೋಗಿತ್ತು. "ಮಾವ, ಅದು ಬೇಡ ಅಂದ್ರೆ ಅಮೆರಿಕಾದಲ್ಲೇ ಕಲೀಬಹುದಲ್ವಾ? ನ್ಯೂಯಾರ್ಕ್ ನಿಮಗೆ ಹತ್ರ ತಾನೆ?"

ಹತ್ತಿರವೇ, ಇಲ್ಲ ಅನ್ನಲ್ಲ. ನ್ಯೂಜೆರ್ಸಿಯ ನಮ್ಮ ಊರಿಂದ ರೈಲಿನಲ್ಲಿ ಒಂದು ಗಂಟೆ. "ವಾರ ಬಿಟ್ಟು ಫೋನ್ ಮಾಡ್ತೀನಿ, ಅಲ್ಲಿವರೆಗೆ ಯಾರಿಗೂ ದುಡ್ಡು ಕಟ್ಟಬೇಡ" ಅಂತ ಹೇಳಿ ಇಟ್ಟೆ. ಆ ವಾರದಲ್ಲಿ ತಲೆಯಲ್ಲಿ ಓಡಿದ್ದನ್ನ ಇಲ್ಲಿ ಬರೀತಾ ಇದೀನಿ.

ನಮ್ಮ ಕಡೆ ಒಂದು ಮಾತು ರೂಢಿಯಲ್ಲಿದೆ: ನಟನೆ ರಕ್ತದಲ್ಲೇ ಬರಬೇಕು, ಕಲಿಸಿ ಬರೋದಲ್ಲ. ನಾನೂ ಹಾಗೇ ನಂಬಿದ್ದವನು. ಕನ್ನಡಕೂಟದ ಯುಗಾದಿಗೆ ನೆಲಮಾಳಿಗೆಯಲ್ಲಿ ಎಂಟು ವಾರಾಂತ್ಯ ರಿಹರ್ಸಲ್ ಮಾಡಿ, ಚಿತ್ರಾನ್ನ ತಿಂದು, ನಾಟಕ ಆಡಿ ಚಪ್ಪಾಳೆ ಗಿಟ್ಟಿಸಿಕೊಂಡವನಿಗೆ ಹಾಗನ್ನಿಸೋದು ಸಹಜ. ಆ ಹುಮ್ಮಸ್ಸಲ್ಲಿ ಒಂದು ಸಲ ಇಲ್ಲಿನ ಕಮ್ಯೂನಿಟಿ ಕಾಲೇಜಿನ ಸಂಜೆ ತರಗತಿಗೆ ಸೇರಿದೆ. ಮೊದಲ ದಿನವೇ ಮೇಡಂ ಇಬ್ಬಿಬ್ಬರನ್ನ ಎದುರುಬದುರು ಕುರ್ಚಿ ಹಾಕಿ ಕೂರಿಸಿದರು. ಒಬ್ಬರು ಎದುರಿನವರಲ್ಲಿ ಕಂಡಿದ್ದೊಂದನ್ನ ಹೇಳಬೇಕು. "ನೀನು ನೀಲಿ ಅಂಗಿ ಹಾಕಿದೀಯ." ಎದುರಿನವರು ಅದನ್ನೇ ತಿರುಗಿಸಿ ಹೇಳಬೇಕು. "ನಾನು ನೀಲಿ ಅಂಗಿ ಹಾಕಿದೀನಿ." ಮತ್ತೆ ಅದೇ, ಮತ್ತೆ ಅದೇ, ಇಪ್ಪತ್ತು ನಿಮಿಷ. ಇದೇನು ಹುಚ್ಚಾಟ ಅನ್ನಿಸಿತು. ನಾನೋ ಯುಗಾದಿ ನಾಟಕದ ಹೀರೋ, ಪ್ರತಿ ಸಲವೂ ದನಿ ಏರಿಸಿ ಇಳಿಸಿ, ಹುಬ್ಬು ಹಾರಿಸಿ ಹೇಳ್ತಾ ಹೋದೆ. ಮೇಡಂ ನಿಲ್ಲಿಸಿ ಕೇಳಿದರು, "ಎದುರಿಗಿರೋ ಹುಡುಗಿ ಆಗಲೇ ಎರಡು ಸಲ ಅಳೋ ಹಾಗಾದಳು, ನೋಡಿದೆಯಾ?" ನಾನು ನೋಡಿರಲಿಲ್ಲ! ನನ್ನ ಸರದಿ ಯಾವಾಗ ಬರುತ್ತೆ ಅಂತ ಕಾಯ್ತಾ ಕೂತಿದ್ದೆ, ಅಷ್ಟೇ.

ಇದು ಸ್ಯಾನ್‌ಫರ್ಡ್ ಮೈಸ್ನರ್ ಅನ್ನೋರು ನ್ಯೂಯಾರ್ಕಿನಲ್ಲಿ ರೂಢಿಗೆ ತಂದ ಅಭ್ಯಾಸ ಅಂತ ಆಮೇಲೆ ಗೊತ್ತಾಯ್ತು. ಇದರ ಬೇರು ರಷ್ಯಾದಲ್ಲಿದೆ. ಸ್ತಾನಿಸ್ಲಾವ್‌ಸ್ಕಿಯವರ ಮಾಸ್ಕೋ ಆರ್ಟ್ ಥಿಯೇಟರ್ 1923ರಲ್ಲಿ ಅಮೆರಿಕಾಕ್ಕೆ ಬಂದು ನಾಟಕ ಆಡಿದಾಗ ಇಲ್ಲಿನವರಿಗೆ ನಟನೆಯನ್ನ ಹೀಗೂ ಕಲೀಬಹುದು ಅಂತ ಹೊಳೀತು. ಮುಂದೆ 1931ರ ಗ್ರೂಪ್ ಥಿಯೇಟರ್‌ನಲ್ಲಿ ಲೀ ಸ್ಟ್ರಾಸ್‌ಬರ್ಗ್, ಸ್ಟೆಲಾ ಆಡ್ಲರ್, ಮೈಸ್ನರ್ ಮೂವರೂ ಇದ್ದರು, ಆಮೇಲೆ ಜಗಳ ಆಡ್ಕೊಂಡು ಮೂರು ದಾರಿ ಹಿಡಿದರು. ನಟ ತನ್ನ ಹಳೇ ನೆನಪು ಕೆದಕಬೇಕು ಅಂದರು ಒಬ್ಬರು, ಪಾತ್ರದ ಪರಿಸ್ಥಿತಿಯನ್ನ ಕಲ್ಪಿಸ್ಕೋಬೇಕು ಅಂದರು ಇನ್ನೊಬ್ಬರು, ಎದುರಿನವರಿಗೆ ಕಿವಿ ಕೊಡು ಅಂದರು ಮೈಸ್ನರ್. ಮೂರರಲ್ಲಿ ಯಾವುದು ಸರಿ ಅಂತ ಹೇಳೋಕೆ ನಾನ್ಯಾರು? ನನಗೆ ಗೊತ್ತಿರೋದು ಇಷ್ಟೇ: ಹತ್ತು ವರ್ಷ ಸ್ಟೇಜ್ ಹತ್ತಿದರೂ ಬರದೇ ಇದ್ದದ್ದು ಆ ಕುರ್ಚಿಯ ಮೇಲೆ ಎರಡು ತಿಂಗಳಲ್ಲಿ ಸ್ವಲ್ಪ ಬಂತು. ಹಾಗಾಗಿ ಕಲಿಸಿದರೆ ಬರುತ್ತೆ.

"ಹಾಗಾದ್ರೆ ಅಣ್ಣಾವ್ರು ಯಾವ ಸ್ಕೂಲಿಗೆ ಹೋಗಿದ್ರು?" ಅಂತ ನಮ್ಮ ಸ್ನೇಹಿತರೊಬ್ಬರು ಕೇಳಿದರು. ಈ ಪ್ರಶ್ನೆ ಬಂದೇ ಬರುತ್ತೆ. ಹೋಗಿದ್ರು ಸ್ವಾಮಿ, ಗುಬ್ಬಿ ಕಂಪನಿಗೆ! 1954ರಲ್ಲಿ 'ಬೇಡರ ಕಣ್ಣಪ್ಪ' ಬರೋ ಹೊತ್ತಿಗೆ ರಾಜ್‌ಕುಮಾರ್ ಅವರ ಬೆನ್ನ ಹಿಂದೆ ಎಷ್ಟೋ ವರ್ಷಗಳ ಕಂಪನಿ ನಾಟಕದ ದುಡಿಮೆ ಇತ್ತು. ತಂದೆ ಪುಟ್ಟಸ್ವಾಮಯ್ಯನವರೂ ಕಂಪನಿ ನಟರೇ. ಚಿಕ್ಕವಯಸ್ಸಲ್ಲೇ ಸೇರಿ, ಸಣ್ಣಪುಟ್ಟ ಪಾರ್ಟು ಮಾಡಿ, ದೊಡ್ಡವರು ಹಾಡೋದನ್ನ ದಿನಾ ಪಕ್ಕದಿಂದ ಕೇಳಿ ಕಲಿಯೋದು ಅಲ್ಲಿನ ಕ್ರಮ. ಫೀಸಿಲ್ಲ, ಸರ್ಟಿಫಿಕೇಟಿಲ್ಲ, ಊಟ ಉಂಟು. ಬಿ.ವಿ. ಕಾರಂತರು ಹುಡುಗನಾಗಿ ಮನೆ ಬಿಟ್ಟು ಓಡಿ ಬಂದು ಸೇರಿದ್ದೂ ಅದೇ ಕಂಪನಿಯನ್ನ. ಅವರನ್ನ ಮುಂದೆ ಬನಾರಸ್‌ಗೆ ಕಳಿಸಿ ಓದಿಸಿದ್ದು ಗುಬ್ಬಿ ವೀರಣ್ಣನವರು. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಕಂಪನಿಯ ಗಾಳಿಯಲ್ಲೇ ಬೆಳೆದವರು, ಆದರೂ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಕಲಿತು ಬಂದರು. ರಕ್ತದಲ್ಲಿ ಬಂದವರೇ ಹೋಗಿ ಕಲಿತಿದ್ದಾರೆ, ಉಳಿದವರ ಪಾಡೇನು ಹೇಳಿ!

ಸರಿ, ಕಲೀಬೇಕು ಅನ್ನೋದಾಯ್ತು. ಎಲ್ಲಿ?

ಅಮೆರಿಕಾ ವಿಷಯ ಮೊದಲು ಮುಗಿಸ್ತೀನಿ. ಇಲ್ಲಿ ಖಾಸಗಿ ವಿಶ್ವವಿದ್ಯಾಲಯದ ನಟನಾ ಪದವಿಗೆ ಬರೀ ಟ್ಯೂಷನ್ ಫೀಸೇ ವರ್ಷಕ್ಕೆ ಅರವತ್ತು ಸಾವಿರ ಡಾಲರ್ ದಾಟೋದು ಮಾಮೂಲು. ಏಲ್‌ನ ನಾಟಕ ಶಾಲೆ 2021ರಲ್ಲಿ ಹದಿನೈದು ಕೋಟಿ ಡಾಲರ್ ದೇಣಿಗೆ ಸಿಕ್ಕ ಮೇಲೆ ಟ್ಯೂಷನ್ ಫೀಸು ತೆಗೆದುಹಾಕಿತು, ಆದ್ರೆ ಅಲ್ಲಿ ಸೀಟು ಬಹಳ ಕಮ್ಮಿ, ಬರೋರು ಬೆಟ್ಟದಷ್ಟು. ಓದಿ ಮುಗಿಸಿದ ಮೇಲೆ? ವಿದ್ಯಾರ್ಥಿ ವೀಸಾದ ಮೇಲೆ ಕೆಲಸ ಮಾಡೋಕೆ ಸಿಗೋದು ಹನ್ನೆರಡು ತಿಂಗಳು. ನಮ್ಮ ಐಟಿ ಹುಡುಗರಿಗೆ ಸಿಗೋ ಇನ್ನೆರಡು ವರ್ಷದ ವಿಸ್ತರಣೆ ನಟರಿಗಿಲ್ಲ. ಹನ್ನೆರಡು ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ನಟನೊಬ್ಬ ಏನು ಮಾಡ್ತಾನೆ ಅಂದ್ರೆ, ಸಾಮಾನ್ಯವಾಗಿ ಆಡಿಷನ್ನಿಗೆ ಸಾಲಲ್ಲಿ ನಿಲ್ತಾನೆ.

ಇಲ್ಲೇ ಹುಟ್ಟಿ ಬೆಳೆದವರ ಕಥೆಯೂ ಅಷ್ಟರಲ್ಲೇ ಇದೆ. 2023ರಲ್ಲಿ ಇಲ್ಲಿನ ಸಿನಿಮಾ-ಟಿವಿ ನಟರ ಸಂಘ 118 ದಿನ ಮುಷ್ಕರ ಹೂಡಿದಾಗ ಒಂದು ಅಂಕಿ ಎಲ್ಲರ ಬಾಯಲ್ಲೂ ಇತ್ತು. ಸಂಘದ ಆರೋಗ್ಯ ವಿಮೆ ಸಿಗಬೇಕಾದ್ರೆ ನಟನೆಯಿಂದ ವರ್ಷಕ್ಕೆ ಸುಮಾರು 26,470 ಡಾಲರ್ ದುಡಿದಿರಬೇಕಿತ್ತು. ಸದಸ್ಯರಲ್ಲಿ ಬಹುಪಾಲು ಜನ ಅಷ್ಟೂ ದುಡಿಯೋದಿಲ್ಲ! ಇವರಲ್ಲಿ ತರಬೇತಿ ಪಡೆದವರು, ನಿಜಕ್ಕೂ ಒಳ್ಳೇ ನಟರು ಎಷ್ಟೋ ಮಂದಿ. ಮ್ಯಾನ್‌ಹ್ಯಾಟನ್ನಿನಲ್ಲಿ ನಮಗೆ ಸೂಪು ತಂದಿಡೋ ಹುಡುಗನ ಕಂಠ ಅಷ್ಟು ಚೆನ್ನಾಗಿ ಯಾಕಿರುತ್ತೆ ಅಂದ್ಕೊಂಡಿದೀರಿ?

ಹಾಗಾಗಿ ನನ್ನ ಅಭಿಪ್ರಾಯ ಒಂದೇ. ನಟನೆ ಕಲಿ, ಮೈಮುರಿದು ಕಲಿ, ಆದ್ರೆ ಅದಕ್ಕೋಸ್ಕರ ಸಾಲ ಮಾಡಬೇಡ. ಸಾಲ ಇರೋ ನಟ ಕೆಲಸ ಆರಿಸೋ ಹಾಗಿಲ್ಲ, ಕಾಯೋ ಹಾಗಿಲ್ಲ. ಈ ಕಸುಬಿನಲ್ಲಿ ಅರ್ಧ ಭಾಗ ಕಾಯೋದೇ. ಇನ್ನು ಕಲಿಸೋರು "ಅವಕಾಶ ಕೊಡಿಸ್ತೀವಿ" ಅಂದ ತಕ್ಷಣ ಎದ್ದು ಬಾ. ಅವಕಾಶ ಅವರ ಜೇಬಲ್ಲಿದ್ದಿದ್ರೆ ಅದನ್ನ ಫೀಸಿನ ಜೊತೆ ಮಾರ್ತಾ ಕೂರ್ತಿರಲಿಲ್ಲ. ಮೂರು ತಿಂಗಳಲ್ಲಿ ಫೋಟೋ ತೆಗೆಸಬಹುದು, ನಾಲ್ಕು ಸ್ಟೆಪ್ಪು ಕಲಿಸಬಹುದು. ದನಿ ಹದವಾಗೋಕೆ, ಮೈ ಬಳುಕೋಕೆ, ನಾಚಿಕೆ ಬಿಡೋಕೆ ಒಂದು ವರ್ಷವೂ ಸಾಲದು.

ತಮಾಷೆ ಏನಂದ್ರೆ ಈ ಹುಡುಗ ನ್ಯೂಯಾರ್ಕಿನ ಕನಸು ಕಾಣ್ತಾ ಇರೋದು ಸಾಗರದಲ್ಲಿ ಕೂತು. ಅಲ್ಲಿಂದ ಹೆಗ್ಗೋಡು ಎಷ್ಟು ದೂರ? ಬಸ್ಸು ಹತ್ತಿ ಟಿಕೆಟ್ ತಗೊಳ್ಳೋದ್ರೊಳಗೆ ಬರುತ್ತೆ! ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ನೀನಾಸಂ, 1980ರಿಂದ ರಂಗಶಿಕ್ಷಣ ಕೇಂದ್ರ ನಡೆಸ್ತಾ ಬಂದಿದೆ. 1985ರಲ್ಲಿ ತಿರುಗಾಟ ಶುರುವಾದ ಮೇಲೆ ಅಲ್ಲಿ ಕಲಿತ ಎಷ್ಟೋ ಮಂದಿ ಊರೂರು ಸುತ್ತಿ, ಒಂದೇ ನಾಟಕವನ್ನ ಬೇರೆ ಬೇರೆ ಜನರೆದುರು ಮತ್ತೆ ಮತ್ತೆ ಆಡೋ ಹಾಗಾಯ್ತು. ಒಂದೂರಲ್ಲಿ ನಕ್ಕ ಮಾತಿಗೆ ಇನ್ನೊಂದೂರಲ್ಲಿ ಯಾಕೆ ನಗಲಿಲ್ಲ ಅನ್ನೋ ಪಾಠ ಯಾವ ಕ್ಲಾಸಿನಲ್ಲೂ ಸಿಗಲ್ಲ. ಅಚ್ಯುತ್ ಕುಮಾರ್ ಅಲ್ಲಿಂದ ಬಂದವರು, ಸತೀಶ್ ಅಂತೂ 'ನೀನಾಸಂ' ಅನ್ನೋದನ್ನ ಹೆಸರಿಗೇ ಅಂಟಿಸ್ಕೊಂಡರು. ಹಾಗಂತ ಅಲ್ಲಿ ಕಲಿತವರೆಲ್ಲ ಸಿನಿಮಾದಲ್ಲಿಲ್ಲ. ಶಾಲೆಗಳಲ್ಲಿ ನಾಟಕ ಕಲಿಸೋರು, ತಮ್ಮೂರಲ್ಲೇ ತಂಡ ಕಟ್ಟಿದೋರು, ವಾಪಸ್ ತೋಟಕ್ಕೆ ಹೋದೋರು ಎಲ್ಲರೂ ಇದ್ದಾರೆ. ಅದನ್ನೂ ಹುಡುಗನಿಗೆ ಮುಚ್ಚುಮರೆ ಇಲ್ಲದೆ ಹೇಳಬೇಕು.

ನಾನು ಕಾಲೇಜಲ್ಲಿದ್ದಾಗ ಒಂದು ಸಲ ಅಲ್ಲಿಗೆ ಹೋಗಿದ್ದೆ. ಮಧ್ಯಾಹ್ನ ಯಾರೋ ಹುಡುಗ ಪಂಚೆ ಎತ್ತಿಕಟ್ಟಿ ಹಲಗೆಗೆ ಮೊಳೆ ಹೊಡೀತಾ ಇದ್ದ. ಬಡಗಿ ಅಂದ್ಕೊಂಡೆ. ರಾತ್ರಿ ನೋಡಿದ್ರೆ ಅದೇ ಹಲಗೆ ಮೇಲೆ ರಾಜನಾಗಿ ನಿಂತಿದ್ದ.

ವಾರ ಕಳೆದು ಫೋನ್ ಮಾಡಿದೆ. ನೀನಾಸಂ, ಅದಾಗದಿದ್ರೆ ಮೈಸೂರಿನ ರಂಗಾಯಣ, ಒಂದಷ್ಟು ನಾಟಕಗಳಲ್ಲಿ ದುಡಿದ ಮೇಲೆ ದೆಹಲಿಗೆ ಪ್ರಯತ್ನ. ಊಟ, ಬಸ್ ಚಾರ್ಜು, ಪುಸ್ತಕ ನನ್ನ ಲೆಕ್ಕ, ಆ ಎರಡೂವರೆ ಲಕ್ಷ ಮಾತ್ರ ಕೊಡಲ್ಲ ಅಂದೆ. ಹುಡುಗ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಂಟರ್ವ್ಯೂನಲ್ಲಿ ಏನು ಕೇಳ್ತಾರೆ ಮಾವ?" ಅಂದ.

ಹಿಂದಿನಿಂದ ತಂಗಿ ದನಿ: "ಹೆಗ್ಗೋಡಾ? ಅಲ್ಲಿ ಕಸ ಗುಡಿಸೋದರಿಂದ ಹಿಡಿದು ಎಲ್ಲಾ ಕೆಲಸ ಮಾಡಬೇಕಂತಲ್ಲ ಅಣ್ಣಾ! ಮನೇಲಿ ತಿಂದ ತಟ್ಟೆ ಎತ್ತಿಡಲ್ಲ ಇವನು…"