ಮಂಜುದೀಪಕ್ಕೆ ಪ್ರಖರ ಬಲ್ಬು ಬೇಕೆ?

ಆಂಧ್ರ, ತಮಿಳುನಾಡುಗಳ ಗಡಿಗೆ ಸಮೀಪವಿರುವ ಕಾಮಸಮುದ್ರದಿಂದ ಮಾಗಿಯ ನಸುಕಿನಲ್ಲಿ ಬಂಗಾರಪೇಟೆಗೆ ಹೊರಡುವ ಗೃಹಸ್ಥರಿಗೆ ಮಂಜಿನ ತೊಂದರೆ ಹೊಸದಲ್ಲ. ಕಾಡಾನೆಗಳು ಸುಳಿದಾಡುವ ಸೀಮೆಯೂ ಇದೇ. ಆದುದರಿಂದ ಕಾರಿನ ಫಾಗ್‌ಲೈಟಿಗೆ, ಎಂದರೆ ಮಂಜುದೀಪಕ್ಕೆ, 55 ವ್ಯಾಟಿನ ಬಲ್ಬು ತೆಗೆಸಿ 100 ವ್ಯಾಟಿನದನ್ನು ಹಾಕಿಸುವ ಆಸೆ ಸಹಜವೇ. ನಾವು ಮಾತ್ರ ಇದನ್ನು ಒಪ್ಪಲಾರೆವು.

ಮಂಜೆಂದರೆ ಗಾಳಿಯಲ್ಲಿ ತೇಲುವ ನೀರಿನ ಸೂಕ್ಷ್ಮ ಹನಿಗಳು. ಬೆಳಕು ಅವುಗಳಿಗೆ ತಾಗಿ ಚದುರಿ, ಒಂದು ಪಾಲು ಚಾಲಕನ ಕಣ್ಣಿಗೇ ಹಿಂತಿರುಗುತ್ತದೆ. ದೀಪ ಪ್ರಖರವಾದಷ್ಟೂ ಎದುರಿನ ಬಿಳಿಯ ತೆರೆಯೂ ಪ್ರಖರವಾಗುತ್ತದೆ. ಮಂಜುದೀಪವನ್ನು ಬಂಪರಿನಲ್ಲಿ ತಗ್ಗಾಗಿ ಇರಿಸಿ, ಬೆಳಕು ನೆಲದ ಮೇಲೆ ಅಗಲವಾಗಿ ಹರಡುವಂತೆ ಮಾಡಿರುವುದು ಇದಕ್ಕಾಗಿಯೇ. ಹತ್ತಿರದ ರಸ್ತೆಯಂಚನ್ನು ತೋರುವುದು ಅದರ ಕೆಲಸ. ದೂರದ ಆನೆಯನ್ನು ಅದು ತೋರದು.

12 ವೋಲ್ಟಿನಲ್ಲಿ 55 ವ್ಯಾಟಿನ ಬಲ್ಬು ಸುಮಾರು 4.6 ಆಂಪಿಯರ್ ಎಳೆದರೆ, 100 ವ್ಯಾಟಿನದು 8.3 ಆಂಪಿಯರ್ ಎಳೆಯುತ್ತದೆ. ತಂತಿ, ಹೋಲ್ಡರುಗಳು ಬಿಸಿಯೇರುತ್ತವೆ. ಪ್ಲಾಸ್ಟಿಕ್ಕಿನ ಭಾಗಗಳು ಕರಗಲೂಬಹುದು. ಎಲ್‌ಇಡಿಗೆ ವಿದ್ಯುತ್ತು ಕಡಿಮೆ ಸಾಕೆನ್ನುವರು, ನಿಜ. ಆದರೆ ಹ್ಯಾಲೊಜನ್ ಬಲ್ಬಿಗೆಂದು ರೂಪಿಸಿದ ದೀಪದೊಳಗೆ ಅದನ್ನು ಕೂರಿಸಿದರೆ ಬೆಳಕು ದಿಕ್ಕುಗೆಟ್ಟು, ಎದುರಿನಿಂದ ಹಾಲಿನ ಕ್ಯಾನು ಕಟ್ಟಿಕೊಂಡು ಬರುವ ಬೈಕಿನವನ ಕಣ್ಣು ಕುಕ್ಕುವ ಸಂಭವ ಹೆಚ್ಚು. ಆತನೂ ನಮ್ಮ ನೆರೆಯೂರಿನವನೇ ಅಲ್ಲವೆ?

ಮೊದಲು ಗಾಜಿನ ಧೂಳನ್ನು ಒರೆಸತಕ್ಕದ್ದು. ಬಲ್ಬು ಮಂಕಾಗಿದ್ದರೆ ಅದೇ ವ್ಯಾಟಿನ ಹೊಸದನ್ನು ಹಾಕಿಸಿ, ಬೆಳಕು ತಗ್ಗಾಗಿ ಬೀಳುವಂತೆ ಮೆಕ್ಯಾನಿಕ್ಕಿನಿಂದ ಸರಿಪಡಿಸಿಕೊಳ್ಳಬೇಕು. ಮಂಜಿನಲ್ಲಿ ಹೈಬೀಮ್ ಸಲ್ಲದು. ಕಣ್ಣಿಗೆ ಕಾಣುವಷ್ಟು ದೂರದೊಳಗೆ ವಾಹನ ನಿಲ್ಲಿಸಬಲ್ಲಷ್ಟೇ ವೇಗವಿರಲಿ. ಅದೂ ಸಾಧ್ಯವಿಲ್ಲದ ದಿನ, ಬಿಸಿಲೇರಿದ ಮೇಲೆ ಹೊರಡುವುದೇ ಲೇಸು.